ಶುಗರ್ ಇದ್ದವರಿಗೆ ಜ್ವರ ಬಂದರೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಮೇಷ್ಟ್ರು ಹೇಳಿದ್ದರು. ಅವರ ಅಪ್ಪಣೆ ಪಡೆದೇ ವಿಷಯ ಬದಲಿಸಿದ್ದೇನೆ. ನಾನು ಓದಿದ್ದು ಬಿಇ, ಡಾಕ್ಟರಿಕೆಯಲ್ಲ. ಆದರೆ 2021ರ ಮೇ ತಿಂಗಳಲ್ಲಿ ಭದ್ರಾವತಿಯ ನಮ್ಮ ಸೋದರಮಾವನಿಗೆ ಕಪ್ಪು ಶಿಲೀಂಧ್ರ ತಗುಲಿತು. ಆಗ ಡಾಕ್ಟರರು ಬಿಡಿಸಿ ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಶುಗರ್ ಮಾತ್ರೆ ನುಂಗಿ ಬಂದವರು ಈ ಸಭೆಯಲ್ಲೂ ಬಹಳ ಜನ ಇದ್ದೀರಿ.

ಮಾವನಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಕೊರೊನಾ ಬಂದು ವಾಸಿಯಾಗಿತ್ತು. ಮನೆಗೆ ಬಂದ ವಾರಕ್ಕೆ ಎಡಗೆನ್ನೆ ನೋವು, ಒಂದೇ ಕಡೆ ಮೂಗು ಕಟ್ಟುವುದು, ಮೇಲಿನ ಹಲ್ಲು ಅಲುಗಾಡುವುದು ಶುರುವಾಯಿತು. ಹಲ್ಲುನೋವೆಂದು ಲವಂಗ ಕಚ್ಚಿಕೊಂಡು ನಾಲ್ಕು ದಿನ ಕಳೆದರು. ಕಣ್ಣು ಊದಿ ಒಂದು ವಸ್ತು ಎರಡಾಗಿ ಕಂಡಾಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಆಂಫೊಟೆರಿಸಿನ್ ಇಂಜೆಕ್ಷನ್ ದಿನಕ್ಕೆ ಐದಾರು ಸೀಸೆ ಬೇಕು. ಆಗ ದೇಶದಲ್ಲೆಲ್ಲ ಅದಕ್ಕೆ ಅಭಾವ. ಮಾವ ಉಳಿದರು, ಎಡಗಣ್ಣು ಉಳಿಯಲಿಲ್ಲ.

ಈ ಶಿಲೀಂಧ್ರ ಹೊಸದಾಗಿ ಎಲ್ಲಿಂದಲೋ ಬಂದದ್ದಲ್ಲ. ತಿಪ್ಪೆಯಲ್ಲಿ, ತೋಟದ ಕೊಳೆತ ಸೋಗೆಯಲ್ಲಿ, ಬೂಸ್ಟು ಹಿಡಿದ ಬ್ರೆಡ್ಡಿನಲ್ಲಿ ಯಾವಾಗಲೂ ಇರುತ್ತದೆ. ಅದರ ಕಣಗಳನ್ನು ನಾವೆಲ್ಲ ಉಸಿರಾಡುತ್ತಲೇ ಇರುತ್ತೇವೆ, ಬಿಳಿ ರಕ್ತಕಣಗಳು ಅವನ್ನು ನುಂಗಿಹಾಕುತ್ತವೆ. ಸಕ್ಕರೆ ವಿಪರೀತ ಏರಿದರೆ ಈ ಕಾವಲುಗಾರರು ಮಂಕಾಗುತ್ತಾರೆ. ರಕ್ತದಲ್ಲಿ ಆಮ್ಲ ಹೆಚ್ಚಾದರಂತೂ ಪ್ರೋಟೀನುಗಳು ಹಿಡಿದಿಟ್ಟ ಕಬ್ಬಿಣದಂಶ ಸಡಿಲವಾಗಿ ಶಿಲೀಂಧ್ರಕ್ಕೆ ಗೊಬ್ಬರವಾಗುತ್ತದೆ. (ಭದ್ರಾವತಿಯವರಿಗೆ ಕಬ್ಬಿಣ ಹೀಗೂ ಕೈಕೊಡಬಹುದೆಂದು ಗೊತ್ತಿರಲಿಲ್ಲ!) ಅದು ರಕ್ತನಾಳದೊಳಗೆ ಬೆಳೆದು ರಕ್ತದ ಓಟ ನಿಲ್ಲಿಸುತ್ತದೆ. ಕಪ್ಪಾಗಿ ಕಾಣುವುದು ಸತ್ತ ಮಾಂಸವೇ ಹೊರತು ಶಿಲೀಂಧ್ರದ ಬಣ್ಣವಲ್ಲ.

ಇದರ ಜೊತೆಗೆ ಸೇರಿದ್ದು ಸ್ಟೀರಾಯ್ಡ್. ಆಮ್ಲಜನಕ ಬೇಕಾದ ಕೊರೊನಾ ರೋಗಿಗಳ ಜೀವವನ್ನು ಅದು ಉಳಿಸುತ್ತದೆಂದು 2020ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು. ಆಮ್ಲಜನಕ ಬೇಡದವರಿಗೆ ಪ್ರಯೋಜನ ಕಾಣಲಿಲ್ಲವೆಂದೂ ಅದೇ ಪ್ರಯೋಗ ಹೇಳಿತು. ನಮ್ಮಲ್ಲಿ ಎರಡನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ವಾಟ್ಸಾಪಿನಲ್ಲಿ ಬಂದ ಔಷಧಿ ಚೀಟಿ ತೋರಿಸಿ ಮಾತ್ರೆ ಕೊಂಡವರು ಎಷ್ಟು ಜನ! ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ರೋಗ ತಡೆಯುವ ಶಕ್ತಿಯನ್ನು ಇಳಿಸುತ್ತದೆ. ಡಾಕ್ಟರರು ಬರೆದುಕೊಟ್ಟಿದ್ದರೆ ಮಾತ್ರ ಅವರನ್ನು ಕೇಳದೆ ಏಕಾಏಕಿ ನಿಲ್ಲಿಸಲೂಬಾರದು.

ಕೊರೊನಾ ಹೋಯಿತೆಂದು ಸುಮ್ಮನಿರುವ ಹಾಗಿಲ್ಲ. ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಮಳೆಗಾಲಕ್ಕೆ ಡೆಂಗಿ, ಫ್ಲೂ ಇದ್ದೇ ಇವೆ. ಯಾವ ಜ್ವರವೇ ಬರಲಿ, ಅದರ ವಿರುದ್ಧ ಹೋರಾಡಲು ದೇಹ ಹೊರಡಿಸುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಎರಡು ತುತ್ತು ಗಂಜಿ ಕುಡಿದವರಿಗೂ ಸಕ್ಕರೆ ಏರುವುದು ಇದರಿಂದಲೇ. "ಊಟ ಸೇರಲಿಲ್ಲ, ಅದಕ್ಕೇ ಇನ್ಸುಲಿನ್ ಬಿಟ್ಟೆ" ಎನ್ನುವ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ. ಬಿಡಬೇಡಿ. ಜ್ವರದ ದಿನಗಳಲ್ಲಿ ಸಕ್ಕರೆಯನ್ನು ಹೆಚ್ಚು ಸಲ ನೋಡಿಸಿ. ಯಾವ ಮಾತ್ರೆ ಇರಬೇಕು, ಯಾವುದು ಬೇಡ ಎಂಬುದನ್ನು ಡಾಕ್ಟರರು ಹೇಳಲಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆಯೂ ಕೇಳಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ತಪಾಸಣೆ ಮಾಡುತ್ತಾರೆ. ನನ್ನ ಜೊತೆ ಓದಿದವರೆಲ್ಲ ಆ ಲೆಕ್ಕಕ್ಕೆ ಬಂದಾಯಿತು.

ಕೊನೆಗೆ ಗದ್ದೆ, ತೋಟದ ಕೆಲಸದವರಿಗೆ ಒಂದು ಮಾತು. ಕೆಸರಿನಲ್ಲಿ ನಿಂತು ಬೆರಳ ಸಂದು ಬೆಳ್ಳಗಾಗಿ ಒಡೆಯುತ್ತದಲ್ಲ, ಅದೂ ಹೆಚ್ಚಾಗಿ ಶಿಲೀಂಧ್ರವೇ. ಶುಗರಿನಿಂದ ಕಾಲಿನ ನರ ಮಂದವಾದವರಿಗೆ ಅದರ ನೋವು ತಿಳಿಯುವುದಿಲ್ಲ. ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿ ಕಾಲೇ ಬಾತುಕೊಳ್ಳಬಹುದು. ಸಂಜೆ ಕಾಲು ತೊಳೆದ ಮೇಲೆ ಸಂದುಗಳನ್ನು ಒಣಬಟ್ಟೆಯಲ್ಲಿ ಒರೆಸಿ. ಬಗ್ಗಲು ಆಗದಿದ್ದರೆ ಮೊಮ್ಮಕ್ಕಳಿಗೆ ನೋಡಲು ಹೇಳಿ.

ಮೇಷ್ಟ್ರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದನ್ನು ಊಟದ ಪಂಕ್ತಿಯಲ್ಲಿ ಕೇಳಿ.