ಬೆಳೆಗಳ ಜಲಾಪೇಕ್ಷೆಯ ವಿಚಾರವು



ಸಂಸ್ಕೃತದಲ್ಲಿ ವೃಕ್ಷಕ್ಕೆ ‘ಪಾದಪ’ವೆಂಬ ನಾಮವುಂಟು. ಪಾದದಿಂದ ಪಾನಮಾಡತಕ್ಕುದೆಂದು ಅದರ ಅರ್ಥವು. ಪೈರು ಕುಡಿಯುವುದು ಬೇರಿನಿಂದಲೇ ಸರಿ. ಆದರೆ ಎಷ್ಟು ಕುಡಿಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಆಕಾಶವು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95 ಪಾಲಿಗಿಂತಲೂ ಹೆಚ್ಚಿನದು ಎಲೆಗಳ ಸೂಕ್ಷ್ಮರಂಧ್ರಗಳಿಂದ ಆವಿಯಾಗಿ ಹೊರಟುಹೋಗುವುದು. ನೆಲದ ಮೇಲ್ಮೈಯಿಂದಲೂ ನೀರು ಆರುವುದು. ಇವೆರಡೂ ಕೂಡಿ ಬೆಳೆಯ ಜಲವ್ಯಯವೆನಿಸುವುದು.

ಈ ವ್ಯಯಕ್ಕೆ ಮುಖ್ಯ ಕಾರಣಗಳು ಮೂರು: ಹವೆ, ಬೆಳೆಯ ವಯಸ್ಸು, ಬೆಳೆಯ ಜಾತಿ. ಇವುಗಳಲ್ಲಿ ಹವೆಯೇ ಮೊದಲನೆಯದು. ಬಿಸಿಲು ಪ್ರಖರವಾಗಿ, ಗಾಳಿಯು ಒಣಗಿ ವೇಗದಿಂದ ಬೀಸುವಾಗ ನೀರಿನ ಖರ್ಚು ಏರುವುದು. ಮೋಡ ಮುಸುಕಿ ತೇವವಿರುವಾಗ ಇಳಿಯುವುದು. ಆಂಗ್ಲ ವಿಜ್ಞಾನಿಯಾದ ಪೆನ್‌ಮನ್ ಎಂಬವರು ಇದನ್ನು ಗಣಿಸುವ ಸೂತ್ರವೊಂದನ್ನು 1948ರಲ್ಲಿ ಪ್ರಕಟಿಸಿದರು. ಅದರ ಪರಿಷ್ಕೃತ ರೂಪವನ್ನೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಸರ್ವದೇಶಗಳಿಗೂ ಸೂಚಿಸಿತು.

ಎರಡನೆಯದು ವಯಸ್ಸು. ಹಸಿರು ಹುಲ್ಲಿನ ಬಯಲಿನಿಂದ ಹವೆಯು ದಿನವೊಂದಕ್ಕೆ 6 ಮಿಲಿಮೀಟರ್ ನೀರನ್ನು ಸೆಳೆಯುವಾಗ, ಎಳೆಯ ಜೋಳದ ಹೊಲಕ್ಕೆ ಸುಮಾರು 2 ಮಿಲಿಮೀಟರ್ ಸಾಕು. ತೆನೆಯು ಹೂವಾಡುವಾಗ 6 ಬೇಕು. ಕಾಳು ಬಲಿತು ಎಲೆ ಹಳದಿಯಾದ ಮೇಲೆ 3ರಷ್ಟು ಸಾಕು. ಒಂದು ಮಿಲಿಮೀಟರ್ ಎಂದರೆ ಎಕರೆಗೆ ಸುಮಾರು 4,000 ಲೀಟರು. ಆದುದರಿಂದ ಶಿಶುವಿಗೂ ಪ್ರೌಢನಿಗೂ ಒಂದೇ ಅಳತೆಯಲ್ಲಿ ಬಡಿಸುವುದು ವಿವೇಕವಲ್ಲ. ಹೂವಿನ ಕಾಲದಲ್ಲಿ ನೀರು ತಪ್ಪಿದರೆ ಕಾಳು ಕಟ್ಟದು. ಆ ನಷ್ಟವು ಮುಂದೆ ಎಷ್ಟು ನೀರೆರೆದರೂ ತುಂಬದು.

ಮೂರನೆಯದಾದ ಜಾತಿಯ ವಿಷಯದಲ್ಲಿ ಆಶ್ಚರ್ಯವೊಂದಿದೆ. ಜೋಳವು ತನ್ನ ಆಯುಷ್ಯದಲ್ಲಿ 450ರಿಂದ 650 ಮಿಲಿಮೀಟರ್ ನೀರನ್ನು ಬೇಡುವುದು. ಕಬ್ಬು ವರ್ಷವಿಡೀ ಹೊಲದಲ್ಲಿ ನಿಲ್ಲುವುದರಿಂದ 1,500ರಿಂದ 2,500ರವರೆಗೆ ಬೇಡುವುದು. ಆದರೆ ಬತ್ತದ ಪೈರಿನ ಸ್ವಂತ ವ್ಯಯವು 450ರಿಂದ 700 ಮಾತ್ರವೇ, ಎಂದರೆ ಜೋಳಕ್ಕಿಂತ ಬಹಳ ಹೆಚ್ಚಲ್ಲ! ಹಾಗಾದರೆ ಗದ್ದೆಗೆ ಸುರಿದ ನೀರು ಎಲ್ಲಿ ಹೋಯಿತು? ಕೆಸರು ಮಾಡುವುದಕ್ಕೆ ಸುಮಾರು 200 ಬೇಕು. ನಿಂತ ನೀರು ಜಿಗುಟು ನೆಲದಲ್ಲಿಯೂ ದಿನಕ್ಕೆ 4ರಂತೆ ಇಂಗಿದರೆ ನೂರು ದಿನಕ್ಕೆ 400 ಆಯಿತು. ಪೈರು ಕುಡಿದುದು ಬೇರೆ, ಹೊಲಕ್ಕೆ ಹರಿಸಿದುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನು ನೆಲದ ಮಾತು. ಎಷ್ಟು ನೀರು ಎಂಬುದಕ್ಕಿಂತ ಎಷ್ಟು ದಿನಕ್ಕೊಮ್ಮೆ ಎಂಬುದನ್ನೇ ನೆಲವು ಹೆಚ್ಚಾಗಿ ನಿಶ್ಚಯಿಸುವುದು. ಎರೆಭೂಮಿಯು ಹಗೇವಿನಂತೆ ತೇವವನ್ನು ಕೂಡಿಡುವುದು. ಮಸಾರಿ ಹೊಲಕ್ಕೆ ಸ್ವಲ್ಪಸ್ವಲ್ಪವಾಗಿ ಮೇಲಿಂದಮೇಲೆ ಉಣಿಸಬೇಕು. ವಿಜಯಪುರದ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳವು ಕಾಲುವೆಯಿಲ್ಲದೆಯೂ ಬೆಳೆಯುವುದಕ್ಕೆ ಎರೆಯ ಈ ಗುಣ, ಆಳಕ್ಕಿಳಿಯುವ ಬೇರು, ಚಳಿಗಾಲದ ಸೌಮ್ಯವಾದ ಬಿಸಿಲು, ಇವು ಮೂರೂ ಕಾರಣಗಳು.

ಈ ತತ್ತ್ವವನ್ನು ಮರೆತರೆ ಆಗುವ ಅನರ್ಥಕ್ಕೆ ದೂರದ ದೃಷ್ಟಾಂತವು ಬೇಕಿಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯನ್ನು ಹೆಚ್ಚಾಗಿ ಜೋಳ, ಹತ್ತಿ ಮೊದಲಾದ ಅರೆಖುಷ್ಕಿ ಬೆಳೆಗಳಿಗೆಂದೇ ಯೋಜಿಸಿದ್ದರು. ಮಿತವಾದ ನೀರನ್ನು ಬಹುಗ್ರಾಮಗಳಿಗೆ ಹಂಚಿ ಕ್ಷಾಮವನ್ನು ತಪ್ಪಿಸಬೇಕೆಂಬುದೇ ಅದರ ಉದ್ದೇಶವು. ಆದರೆ ಗಂಗಾವತಿಯೇ ಮೊದಲಾದ ಮೇಲುಭಾಗಗಳಲ್ಲಿ ಬತ್ತವು ಹಬ್ಬಿತು. ರಾಯಚೂರು ಸೀಮೆಯ ಕೊನೆಭಾಗದ ರೈತರು ಒಣಗುವ ಪೈರಿನ ಮುಂದೆ ನಿಂತು ಕಾಲುವೆಯ ದಾರಿ ನೋಡುವಂತಾಯಿತು. ಮೇಲಿನವರಿಗಾದರೂ ಪೂರ್ಣಲಾಭವಾಯಿತೇ? ಹಲವೆಡೆ ಅಂತರ್ಜಲವು ಮೇಲೇರಿ ನೆಲವು ಜೌಗಾಯಿತು, ಸವುಳಾಯಿತು. ಅತಿಯಾದುದು ಕೊಟ್ಟವನನ್ನೂ ಕೆಡಿಸಿತು, ಕಾದವನನ್ನೂ ಕೆಡಿಸಿತು.

ಆದುದರಿಂದ ಒಕ್ಕಲಿಗರು ನೆರೆಯವನ ಹೊಲವನ್ನು ನೋಡಿ ನೀರು ಕಟ್ಟದೆ, ಗೇಣಿನಷ್ಟು ಮಣ್ಣನ್ನು ಬಗೆದು ತೇವವನ್ನು ಪರೀಕ್ಷಿಸಿ ಕಟ್ಟಬೇಕು. ಕಳೆಯನ್ನು ಕೀಳಬೇಕು, ಏಕೆಂದರೆ ಕಳೆಯೂ ಪಾದಪವೇ. ನೆಲಕ್ಕೆ ಸೋಗೆ ಸೊಪ್ಪುಗಳ ಹೊದಿಕೆಯನ್ನು ಹಾಸಬೇಕು. ಹೂವಿನ ಕಾಲಕ್ಕೆ ನೀರನ್ನು ಕಾದಿರಿಸಬೇಕು. ಪೈರಿನ ಬಾಯಾರಿಕೆಯನ್ನು ಅರಿತು ಉಣಿಸಿದವನ ಹೊಲವೂ ಬೆಳೆಯುವುದು. ಅವನು ಉಳಿಸಿದ ನೀರಿನಿಂದ ಕಾಲುವೆಯ ಕೊನೆಯಲ್ಲಿರುವ, ಅವನು ಕಂಡರಿಯದ ಒಕ್ಕಲಿನ ಮನೆಯ ಕಣವೂ ತುಂಬುವುದು. ಸರ್ವರ ಹೊಲಗಳೂ ಹಸನಾಗಲಿ.