ಕೀಟನಾಶಕದ ಡಬ್ಬಿ ಮತ್ತು ಓದು ಬಲ್ಲ ಮಕ್ಕಳು



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಕೀಟನಾಶಕದ ಬಗ್ಗೆ ಭಾಷಾ ಶಿಕ್ಷಕನಿಗೇನು ಕೆಲಸ ಎಂದು ತಾವು ಕೇಳಬಹುದು. ಕೆಲಸವಿದೆ. ಬೆಳೆಗೆ ಹೊಡೆಯುವ ವಿಷವನ್ನು ಕನ್ನಡದಲ್ಲಿ ನಾವು ‘ಔಷಧ’ ಎನ್ನುತ್ತೇವೆ. ಉರ್ದು ಮಾತನಾಡುವ ಮನೆಗಳಲ್ಲಿ ಅದು ‘ದವಾ’. ನಮ್ಮ ಹಳ್ಳಿಗಳಲ್ಲಿ ಇನ್ನೂ ಒಂದು ಹೆಸರಿದೆ, ‘ಎಣ್ಣೆ’. "ಇವತ್ತು ತೊಗರಿಗೆ ಎಣ್ಣೆ ಹೊಡೀಬೇಕು" ಎನ್ನುತ್ತೇವೆ. ಎರಡೂ ಭಾಷೆಗಳಲ್ಲಿ ವಿಷ, ಜಹರ್ ಎಂಬ ಸ್ಪಷ್ಟವಾದ ಪದಗಳಿದ್ದರೂ ಯಾರೂ ಅವನ್ನು ಬಳಸುವುದಿಲ್ಲ. ಔಷಧವೆಂದ ಮೇಲೆ ಅದನ್ನು ಮಂಚದ ಕೆಳಗೆ ಇಡಬಹುದು, ಅಡುಗೆ ಮನೆಯ ಗೂಡಿನಲ್ಲಿಯೂ ಇಡಬಹುದು ಎಂಬ ಭಾವನೆ ತಾನಾಗಿಯೇ ಬರುತ್ತದೆ.

ವಿಷವೂ ಆಹಾರವೂ ಒಂದೇ ಕಡೆ ಸೇರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಬಹಳ ಹಿಂದೆಯೇ ನೋಡಿದೆ. 1958ರಲ್ಲಿ ಕೇರಳಕ್ಕೆ ಹಡಗಿನಲ್ಲಿ ಬಂದ ಗೋಧಿ ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ, ಆ ಹಿಟ್ಟಿನ ತಿಂಡಿ ತಿಂದ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 1968ರ ಕೀಟನಾಶಕ ಕಾಯ್ದೆಯ ಹಿಂದೆ ಈ ದುರಂತವೂ ಇದೆ. ಕಾಯ್ದೆ ಬಂದ ಎಷ್ಟೋ ವರ್ಷಗಳ ನಂತರ, 2013ರ ಜುಲೈ ತಿಂಗಳಲ್ಲಿ, ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಇತ್ತೆಂದು ಪರೀಕ್ಷೆಯಲ್ಲಿ ತಿಳಿದುಬಂತು. ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಆ ಎಣ್ಣೆ ತುಂಬಿಟ್ಟಿದ್ದರೆಂದು ಅಧಿಕಾರಿಗಳು ಹೇಳಿದರು. ಶಿಕ್ಷಕನಾದ ನನಗೆ ಈ ಸುದ್ದಿಯನ್ನು ಮರೆಯಲು ಸಾಧ್ಯವಾಗಿಲ್ಲ. ತರಕಾರಿಗೆ ಇದನ್ನು ಬಳಸಬಾರದೆಂದು 2005ರಲ್ಲಿಯೇ ಆದೇಶವಾಗಿತ್ತು. 2023ರಲ್ಲಿ ಕೇಂದ್ರ ಸರಕಾರವು ಅದರ ಶೇ. 36ರ ದ್ರಾವಣವನ್ನೇ ನಿಷೇಧಿಸಿತು. ಆದರೆ ಖಾಲಿ ಡಬ್ಬಿಯನ್ನು ತೊಳೆದು ಸೀಮೆಎಣ್ಣೆಗೋ ನೀರಿಗೋ ಇಟ್ಟುಕೊಳ್ಳುವ ಅಭ್ಯಾಸವನ್ನು ಯಾವ ಸರಕಾರ ನಿಷೇಧಿಸಬಲ್ಲದು? ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಪಂಪಿಗೇ ಸುರಿದು, ತೂತು ಮಾಡಿ, ಬಾವಿ ಹಳ್ಳಗಳಿಂದ ದೂರ ಹೂಳಬೇಕು.

ಈಗ ವಿದ್ಯಾರ್ಥಿಗಳಿಗೆ ನೇರವಾಗಿ ಹೇಳುತ್ತೇನೆ. ಡಬ್ಬಿಯ ಮೇಲೆ ವಜ್ರದ ಆಕಾರದ ಒಂದು ಗುರುತು ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಹಾಕಿರುತ್ತಾರೆ. ಕೆಂಪು ಎಂದರೆ ಅತ್ಯಂತ ಘೋರ ವಿಷ, ಮೇಲೆ ತಲೆಬುರುಡೆಯ ಚಿತ್ರವೂ ಇರುತ್ತದೆ. ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಮಧ್ಯಮ, ಹಸಿರು ಕಡಿಮೆ ವಿಷ. ಹಸಿರಿದ್ದರೆ ಬರಿಗೈಯಲ್ಲಿ ಕಲಸಬಹುದು ಎಂದು ತಿಳಿಯಬೇಡಿ, ಅದೂ ವಿಷವೇ. ಈ ಬಣ್ಣಗಳನ್ನು ಇಟ್ಟಿದ್ದು ಓದು ಬಾರದವರೂ ತಿಳಿಯಲಿ ಎಂದು. ಓದು ಬಲ್ಲವರಿಗೆ ಅಲ್ಲಿ ಇನ್ನೂ ಹೆಚ್ಚಿನದಿದೆ: ಒಳಗಿನ ರಾಸಾಯನಿಕದ ಹೆಸರು, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ವಿಷ ತಗುಲಿದರೆ ಮಾಡಬೇಕಾದ ಚಿಕಿತ್ಸೆ. ಜೊತೆಗಿರುವ ಮಡಿಚಿದ ಕಾಗದದಲ್ಲಿ ಯಾವ ಬೆಳೆಗೆ, ಯಾವ ಕೀಟಕ್ಕೆ, ಎಷ್ಟು ಪ್ರಮಾಣ, ಕೊನೆಯ ಸಿಂಪಡಣೆಯಾದ ಎಷ್ಟು ದಿನದ ನಂತರ ಕೊಯ್ಲು ಮಾಡಬೇಕು ಎಂಬುದೆಲ್ಲ ಇರುತ್ತದೆ. ಬಹಳ ಮನೆಗಳಲ್ಲಿ ಆ ಕಾಗದ ಅಂಗಡಿಯ ಮುಂದೆಯೇ ಬಿದ್ದು ಹೋಗುತ್ತದೆ. ಅಬ್ಬಾಜಾನರಿಗೆ ಕಣ್ಣು ಮಂದವಿರಬಹುದು, ಅಥವಾ ಅವರಿಗೆ ಶಾಲೆಯ ಭಾಗ್ಯ ಸಿಕ್ಕಿರಲಿಕ್ಕಿಲ್ಲ. ನಿಮಗೆ ಸಿಕ್ಕಿದೆಯಲ್ಲ. ಬದನೆ, ಟೊಮೆಟೊಗೆ ಸಂಜೆ ಹೊಡೆದು ಬೆಳಿಗ್ಗೆ ಸಂತೆಗೆ ಒಯ್ಯುವ ಮನೆಗಳಲ್ಲಿ ಆ ಕಾಯುವ ದಿನಗಳ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ. ಆ ತರಕಾರಿ ಯಾರದೋ ಮಗುವಿನ ತಟ್ಟೆಗೆ ಹೋಗುತ್ತದೆ.

ಹಾಗಾದರೆ ಹುಳು ಬಿದ್ದಾಗ ಸುಮ್ಮನೆ ಕುಳಿತಿರಬೇಕೇ? ಬೇಡ. ಮೊದಲು ಹೊಲಕ್ಕೆ ಹೋಗಿ ಎಣಿಸಬೇಕು. ನಮ್ಮ ಕಲಬುರಗಿ ಭಾಗದ ತೊಗರಿಯನ್ನೇ ನೋಡಿ. ಹೂ ಬಿಡುವ ಕಾಲಕ್ಕೆ ಕಾಯಿಕೊರಕದ ಪತಂಗ ಬಂದು ಮೊಗ್ಗು, ಹೂಗಳ ಮೇಲೆ ಮೊಟ್ಟೆಯಿಡುತ್ತದೆ. ಗಿಡಕ್ಕೆ ಸರಾಸರಿ ಎರಡು ಮೊಟ್ಟೆ ಅಥವಾ ಒಂದು ಮರಿಹುಳು ಕಂಡಾಗ ಮಾತ್ರ ಸಿಂಪಡಣೆಯ ಯೋಚನೆ ಮಾಡಬೇಕು ಎನ್ನುತ್ತಾರೆ ಕೃಷಿ ತಜ್ಞರು. ಎಕರೆಗೆ ಎರಡು ಮೋಹಕ ಬಲೆ ಕಟ್ಟಿದರೆ ಪತಂಗ ಬಂದ ಸುದ್ದಿ ಮೊದಲೇ ಸಿಗುತ್ತದೆ. ತೊಗರಿಯ ನಡುವೆ ಅಲ್ಲಲ್ಲಿ ಜೋಳದ ಕಾಳು ಹಾಕಿದರೆ ಹಕ್ಕಿಗಳು ತೆನೆಯ ಮೇಲೆ ಕುಳಿತು ಹುಳುಗಳನ್ನು ಹೆಕ್ಕುತ್ತವೆ. ಕೂಲಿ ಕೇಳದ ಆಳುಗಳು ಅವು! ಐದು ಕಿಲೋ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನಿನ ಪುಡಿ ಸೇರಿಸಿ ನೂರು ಲೀಟರಿಗೆ ಹಿಗ್ಗಿಸಿದರೆ ಶೇ. 5ರ ಕಷಾಯ ಸಿದ್ಧ. ಹುಳು ಇನ್ನೂ ಎಳೆಯದಿರುವಾಗ ಇದು ಕೆಲಸ ಮಾಡುತ್ತದೆ. ಬಲಿತು ಕಾಯಿಯೊಳಗೆ ತಲೆ ಹಾಕಿದ ಹುಳುವನ್ನು, ಗಿಡದ ಕೆಳಗೆ ತಾಡಪತ್ರಿ ಹಾಸಿ, ಗಿಡ ಅಲುಗಿಸಿ ಬೀಳಿಸಿ ಕೊಲ್ಲುವುದೇ ಲೇಸು. ಶ್ರಮದ ಕೆಲಸವೆಂಬುದು ನಿಜ.

ಇಷ್ಟು ಕಷ್ಟವೇಕೆ, ಇನ್ನೂ ಜೋರಾದದ್ದು ಹೊಡೆದರಾಯಿತು ಎನ್ನುವವರಿದ್ದಾರೆ. ವಿಷಕ್ಕೆ ಸಾಯದೆ ಉಳಿದ ಹುಳುಗಳೇ ಮರಿ ಹಾಕುತ್ತವೆ, ಮರಿಗಳಿಗೂ ಅದೇ ಶಕ್ತಿ ಬರುತ್ತದೆ. 1987ರ ಸುಮಾರಿಗೆ ಆಂಧ್ರದ ಕರಾವಳಿಯ ಹತ್ತಿ ಹೊಲಗಳಲ್ಲಿ ಇದೇ ಕಾಯಿಕೊರಕಕ್ಕೆ, ಆಗ ಬಹಳ ಹೆಸರಾಗಿದ್ದ ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳು ತಾಗಲೇ ಇಲ್ಲ. ರೈತರು ಮತ್ತೆ ಮತ್ತೆ ಸಿಂಪಡಿಸಿ ಸಾಲಗಾರರಾದರು. ಜೇಡ, ಗುಲಗಂಜಿ ಹುಳುಗಳಂಥ ನಮ್ಮ ಮಿತ್ರರು ಮಾತ್ರ ಮೊದಲ ಸಿಂಪಡಣೆಗೇ ಸಾಯುತ್ತಾರೆ. ಒಂದೇ ಗುಂಪಿನದನ್ನು ಪದೇ ಪದೇ ಹೊಡೆಯುವುದು, ಅಂಗಡಿಯವರ ಮಾತು ಕೇಳಿ ಎರಡು ಮೂರನ್ನು ಕಲಸಿ ಹೊಡೆಯುವುದು, ಎರಡೂ ಬೇಡ.

ಹೊಡೆಯಲೇಬೇಕಾದಾಗ ಗಾಳಿಗೆ ಬೆನ್ನು ಮಾಡಿ, ಬಿಸಿಲಿಳಿದ ಮೇಲೆ, ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಬಟ್ಟೆ ಹಾಕಿಕೊಳ್ಳಲಿ. ಕಟ್ಟಿಕೊಂಡ ನಾಜಲ್ಲನ್ನು ಬಾಯಿಂದ ಊದಬಾರದು. ನಡುವೆ ಎಲೆ ಅಡಿಕೆ, ಬೀಡಿ ಬೇಡ. ಮಕ್ಕಳನ್ನು ನೀರು ಹೊರಲೂ ಕರೆಯಬಾರದು, ಈ ಮಾತು ಪೋಷಕರಿಗೆ.

ಸಿಂಪಡಿಸಿದವರಿಗೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಬಟ್ಟೆ ತೆಗೆಸಿ, ಸಾಬೂನು ಹಚ್ಚಿ ಮೈ ತೊಳೆದು, ತಡಮಾಡದೆ 108ಕ್ಕೆ ಕರೆ ಮಾಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು "ಯಾವ ಔಷಧ?" ಎಂದು. ಒಂದೊಂದು ಗುಂಪಿನ ವಿಷಕ್ಕೆ ಒಂದೊಂದು ಚಿಕಿತ್ಸೆ. "ಬಿಳಿ ಡಬ್ಬಿಯದು ಸಾಹೇಬ್ರೇ" ಎಂದರೆ ಅವರಿಗೇನು ತಿಳಿಯಬೇಕು? ಡಬ್ಬಿಯನ್ನು ಚೀಲದಲ್ಲಿ ಸುತ್ತಿ ಜೊತೆಗೇ ಒಯ್ಯಬೇಕು.

ನನ್ನ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ. ಮನೆಯಲ್ಲಿ ಕೀಟನಾಶಕವಿದ್ದರೆ ಅದರ ಹೆಸರು, ಒಳಗಿನ ರಾಸಾಯನಿಕ, ಗುರುತಿನ ಬಣ್ಣ, ಅವಧಿ ಮುಗಿಯುವ ದಿನ, ಈ ನಾಲ್ಕನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಸೋಮವಾರ ತನ್ನಿ. ಡಬ್ಬಿಯನ್ನು ನೀವು ಮುಟ್ಟಬೇಡಿ. ದೊಡ್ಡವರು ಹಿಡಿದು ತೋರಿಸಲಿ, ನೀವು ಓದಿ ಬರೆಯಿರಿ.