ಗರ್ಭಕೋಶದ ಸಾರ್ಕೋಮಾ: ರೋಗನಿರ್ಣಯ ಮತ್ತು ಚಿಕಿತ್ಸೆ



ಗರ್ಭಕೋಶದಲ್ಲಿ ಗಡ್ಡೆಯಿದೆ ಎಂದು ವೈದ್ಯರು ತಿಳಿಸಿದೊಡನೆ ಮನೆಮಂದಿಯೆಲ್ಲ ಕಂಗೆಡುವುದುಂಟು. ಅಂತಹ ಗಡ್ಡೆಗಳಲ್ಲಿ ಬಹುಪಾಲು ಫೈಬ್ರಾಯ್ಡ್ ಎಂಬ ನಾರುಗಡ್ಡೆಗಳು; ಅವು ಕ್ಯಾನ್ಸರ್ ಅಲ್ಲ. ನಾನಿಂದು ಪ್ರಸ್ತಾಪಿಸಲಿರುವುದು ಅವುಗಳ ವೇಷದಲ್ಲಿಯೇ ಬರುವ ಸಾರ್ಕೋಮಾ ಎಂಬ ವಿರಳ ಕ್ಯಾನ್ಸರನ್ನು. ಮಾಂಸಾರ್ಬುದ ಎಂಬ ಹಳೆಯ ಪದವೊಂದುಂಟು. ಆದರೆ ಆಸ್ಪತ್ರೆಯ ಚೀಟಿಯಲ್ಲಿ ನಿಮಗೆ ಕಾಣಸಿಗುವುದು ಸಾರ್ಕೋಮಾ ಎಂದೇ ಆದ್ದರಿಂದ ಅದನ್ನೇ ಉಳಿಸಿಕೊಂಡಿದ್ದೇನೆ.

ಗರ್ಭಕೋಶದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಒಳಪೊರೆಯಲ್ಲಿ ಹುಟ್ಟುತ್ತವೆ. ಸಾರ್ಕೋಮಾ ಹುಟ್ಟುವುದು ಗೋಡೆಯ ಸ್ನಾಯುವಿನಲ್ಲಿ, ಇಲ್ಲವೆ ಒಳಪೊರೆಗೆ ಆಧಾರವಾದ ಅಂಗಾಂಶದಲ್ಲಿ. ಇದರ ಪಾಲು ನೂರಕ್ಕೆ ಸುಮಾರು 3ರಿಂದ 7 ಮಾತ್ರ. ಸ್ನಾಯುವಿನಲ್ಲಿ ಹುಟ್ಟುವ ಲಿಯೋಮಯೋಸಾರ್ಕೋಮಾ ಇವುಗಳಲ್ಲಿ ಪ್ರಮುಖವಾದುದು.

ಅಸಹಜ ರಕ್ತಸ್ರಾವ, ಕಿಬ್ಬೊಟ್ಟೆಯ ಭಾರ, ನೋವು ಇವೆಲ್ಲ ಫೈಬ್ರಾಯ್ಡಿನಲ್ಲಿಯೂ ಕಾಣುವಂಥವೇ. ಆದರೆ ಮುಟ್ಟು ನಿಂತ ಬಳಿಕ ರಕ್ತ ಕಾಣಿಸಿಕೊಂಡರೆ, ಅಥವಾ ಆ ವಯಸ್ಸಿನಲ್ಲಿ ಕುಗ್ಗಬೇಕಾದ ಗಡ್ಡೆ ಬೆಳೆಯತೊಡಗಿದರೆ, ವಿಳಂಬ ಸಲ್ಲದು. ಪ್ಯಾಪ್ ಪರೀಕ್ಷೆ ಇದನ್ನು ಪತ್ತೆಹಚ್ಚಲೆಂದು ಇರುವುದಲ್ಲ. ಅದು ಗರ್ಭಕೋಶದ ಕೊರಳಿಗೆ ಸಂಬಂಧಿಸಿದ್ದು. ಒಳಪೊರೆಯ ತುಣುಕು ತೆಗೆದು ಪರೀಕ್ಷಿಸಿದರೂ, ರೋಗವು ಗೋಡೆಯೊಳಗೆ ಅಡಗಿದ್ದರೆ ವರದಿ ನಿರ್ದೋಷವಾಗಿಯೇ ಬರಬಹುದು. ಅಲ್ಟ್ರಾಸೌಂಡ್ ಗಡ್ಡೆಯನ್ನು ತೋರಿಸುತ್ತದೆ, ಅದರ ಜಾತಿಯನ್ನಲ್ಲ. ಎಂಆರ್‌ಐ ಸಂಶಯವನ್ನು ಬಲಪಡಿಸಬಲ್ಲದು. ಕಡೆಯ ಮಾತು ಸೂಕ್ಷ್ಮದರ್ಶಕದ್ದೇ.

ಇಲ್ಲಿಯೇ ಒಂದು ಗಂಭೀರ ಅಪಾಯವಿದೆ. ಉದರದರ್ಶಕ ಶಸ್ತ್ರಕ್ರಿಯೆಯಲ್ಲಿ ದೊಡ್ಡ ಗಡ್ಡೆಯನ್ನು ಸಣ್ಣ ರಂಧ್ರದ ಮೂಲಕ ಹೊರತೆಗೆಯಲು ಮಾರ್ಸೆಲೇಟರ್ ಎಂಬ ಯಂತ್ರದಿಂದ ಅದನ್ನು ಚೂರುಚೂರು ಮಾಡುವ ಪದ್ಧತಿಯುಂಟು. ಗಡ್ಡೆಯು ಸಾರ್ಕೋಮಾ ಆಗಿದ್ದಲ್ಲಿ ರೋಗದ ಕಣಗಳು ಹೊಟ್ಟೆಯೊಳಗೆಲ್ಲ ಹರಡಬಹುದು. ಫೈಬ್ರಾಯ್ಡ್‌ಗೆಂದು ಶಸ್ತ್ರಕ್ರಿಯೆಗೆ ಒಳಗಾದ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಅಡಗಿದ ಸಾರ್ಕೋಮಾ ಇರಬಹುದೆಂದು ಅಂದಾಜಿಸಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2014ರ ಏಪ್ರಿಲ್‌ನಲ್ಲಿ ಈ ಪದ್ಧತಿಯ ವಿರುದ್ಧ ಎಚ್ಚರಿಕೆ ನೀಡಿತು. ಅನಂತರದ ಕೆಲವು ಅಂದಾಜುಗಳು ಇದಕ್ಕಿಂತ ಕಡಿಮೆ. ಹಾಗೆಂದು ಸಣ್ಣ ಗಾಯದ ಶಸ್ತ್ರಕ್ರಿಯೆಯನ್ನೇ ತಿರಸ್ಕರಿಸಬೇಕಿಲ್ಲ. ಗಡ್ಡೆಯನ್ನು ಇಡಿಯಾಗಿ ತೆಗೆಯುವಿರೋ, ತುಂಡರಿಸುವಿರೋ, ತುಂಡರಿಸುವುದಾದರೆ ಚೀಲದೊಳಗಿರಿಸಿಯೋ ಎಂದು ಮುಂಚಿತವಾಗಿಯೇ ಕೇಳಲು ಸಂಕೋಚಪಡಬೇಡಿ.

ಚಿಕಿತ್ಸೆಯ ತಳಹದಿ ಗರ್ಭಕೋಶವನ್ನು ಒಡೆಯದೆ ಇಡಿಯಾಗಿ ತೆಗೆಯುವುದು. ರೋಗವು ಗರ್ಭಕೋಶದಾಚೆ ಹರಡಿದ್ದರೆ ಡಾಕ್ಸೊರುಬಿಸಿನ್ ಮೊದಲಾದ ಔಷಧಗಳ ಕಿಮೊಥೆರಪಿ ಉಂಟು. ಆರಂಭಿಕ ಹಂತದಲ್ಲಿ ಶಸ್ತ್ರಕ್ರಿಯೆಯ ನಂತರ ಅದನ್ನು ನೀಡುವುದರ ಪ್ರಯೋಜನ ಇನ್ನೂ ಸಿದ್ಧಪಟ್ಟಿಲ್ಲ. ಒಳಪೊರೆಯ ಆಧಾರ ಅಂಗಾಂಶದ ಮಂದಗತಿಯ ಸಾರ್ಕೋಮಾ ಬೇರೆಯೇ ಸ್ವಭಾವದ್ದು. ಅದು ಈಸ್ಟ್ರೊಜನ್‌ನಿಂದ ಪುಷ್ಟಿಗೊಳ್ಳುವುದರಿಂದ ಹಾರ್ಮೋನು ತಡೆಯುವ ಔಷಧಗಳಿಗೆ ಬಗ್ಗುತ್ತದೆ. ಹೆಸರುಗಳೆರಡೂ ಒಂದೇ ರೀತಿ ಕೇಳಿಸಿದರೂ ಚಿಕಿತ್ಸೆ ಒಂದೇ ಅಲ್ಲ. ಸಾರ್ಕೋಮಾ ಶ್ವಾಸಕೋಶದಲ್ಲಿ ಮರುಕಳಿಸುವುದುಂಟಾದ್ದರಿಂದ ಎದೆಯ ಸಿ.ಟಿ. ತಪಾಸಣೆಯೂ ಅಗತ್ಯ.

ವಿರಳ ರೋಗವಾದ್ದರಿಂದ ಅನುಭವಿ ರೋಗಶಾಸ್ತ್ರಜ್ಞರ ಮರುಪರಿಶೀಲನೆ ಅತ್ಯವಶ್ಯ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ, ಹೈದರಾಬಾದಿನ ಎಂ.ಎನ್.ಜೆ. ಸಂಸ್ಥೆ, ದೆಹಲಿಯ ಏಮ್ಸ್ ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾದವು. ಊರಿನಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡ ತಾಯಿಯನ್ನು ಮಕ್ಕಳು ನಗರಕ್ಕೆ ಕರೆತರುವಾಗ ವರದಿಯ ಹಾಳೆಯನ್ನಷ್ಟೇ ತರುವುದು ಸಾಮಾನ್ಯ. ಹಾಳೆ ಸಾಲದು. ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಆಸ್ಪತ್ರೆಯಿಂದ ಕೇಳಿ ಪಡೆದು, ಜೊತೆಯಲ್ಲಿಯೇ ತರತಕ್ಕದ್ದು.